ಎಚ್‌ಡಿಪಿಇ ಪೈಪಿನ ಬೆಸುಗೆ: ಕಾದ ತಟ್ಟೆ ಬೆಳೆದು ಬಂದ ದಾರಿ ಮತ್ತು ಒಂದು ಜಾಯಿಂಟನ್ನು ಸರಿಯಾಗಿ ಮಾಡುವ ಕ್ರಮ

ಪಿವಿಸಿ ಪೈಪಿಗೆ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಸೇರಿಸುವ ಕೆಲಸವನ್ನು ಪಂಪ್‌ಸೆಟ್ ಇಟ್ಟುಕೊಂಡಿರುವ ರೈತರಲ್ಲಿ ಬಹುತೇಕ ಎಲ್ಲರೂ ಬಲ್ಲರು. ಅದೇ ಸಿಮೆಂಟನ್ನು ಕಪ್ಪು ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಪೈಪಿಗೆ ಹಚ್ಚಿ ಒಣಗಿಸಿದರೆ, ಉಗುರಿನಿಂದ ಕೆರೆದ ಕೂಡಲೇ ಅದು ಸಿಪ್ಪೆಯಂತೆ ಎದ್ದು ಬರುತ್ತದೆ. ಪಿವಿಸಿಯ ಮೇಲ್ಮೈ ಆ ದ್ರವದಲ್ಲಿ ಕರಗಿ ಮೆತ್ತಗಾಗುವುದರಿಂದ ಎರಡು ಪೈಪುಗಳು ಒಂದರೊಳಗೊಂದು ಬೆರೆತುಕೊಳ್ಳುತ್ತವೆ. ಪಾಲಿಎಥಿಲೀನನ್ನು ಸಾಮಾನ್ಯ ಉಷ್ಣತೆಯಲ್ಲಿ ಹಾಗೆ ಕರಗಿಸಬಲ್ಲ ದ್ರಾವಕವಿಲ್ಲ, ಅದರ ನುಣುಪಾದ ಮೈಗೆ ಸಾಮಾನ್ಯ ಅಂಟುಗಳು ಗಟ್ಟಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಈ ಪೈಪುಗಳನ್ನು ಸೇರಿಸಲು ಉಳಿಯುವುದು ಎರಡೇ ದಾರಿಗಳು: ಹೊರಗಿನಿಂದ ಫಿಟ್ಟಿಂಗ್ ಹಾಕಿ ಬಿಗಿಹಿಡಿಯುವುದು, ಇಲ್ಲವೇ ಎರಡೂ ತುದಿಗಳನ್ನು ಕರಗಿಸಿ ಒಂದಾಗಿಸುವುದು. ಈ ಬರಹ ಎರಡನೆಯ ದಾರಿಯನ್ನು ಕುರಿತದ್ದು. ಮುಖ್ಯವಾಗಿ ಬಟ್ ಫ್ಯೂಷನ್ ಎಂದು ಕರೆಯುವ ತುದಿಬೆಸುಗೆಯನ್ನು ಹೇಗೆ ಮಾಡಬೇಕು, ಅದರ ಪ್ರತಿ ಹಂತದ ಕಟ್ಟುಪಾಡು ಯಾಕಾಗಿ ಬಂದಿತು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಪಾಲಿಎಥಿಲೀನ್ ಮೊದಲು ಕಾಣಿಸಿಕೊಂಡದ್ದು 1933ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ. ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅವರು ಅತಿ ಹೆಚ್ಚಿನ ಒತ್ತಡದಲ್ಲಿ ಬೇರೊಂದು ಪ್ರಯೋಗ ನಡೆಸುತ್ತಿದ್ದಾಗ ಪಾತ್ರೆಯಲ್ಲಿ ಮೇಣದಂಥ ಬಿಳಿಯ ವಸ್ತುವೊಂದು ಉಳಿದಿತ್ತು. ನೀರಿನ ಪೈಪಿಗೆ ಬೇಕಾದ ಗಟ್ಟಿತನ ಬಂದದ್ದು 1953ರಲ್ಲಿ, ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕಾರ್ಲ್ ತ್ಸೀಗ್ಲರ್ ಕಡಿಮೆ ಒತ್ತಡದಲ್ಲೇ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ತಯಾರಿಸುವ ವಿಧಾನ ಕಂಡುಕೊಂಡ ಮೇಲೆ. ಪೈಪು ಬಂದ ಹಿಂದೆಯೇ ಅದನ್ನು ಸೇರಿಸುವ ಪ್ರಶ್ನೆಯೂ ಬಂದಿತು. ಬಿಸಿ ಗಾಳಿ ಊದಿ, ಪ್ಲಾಸ್ಟಿಕ್ ಕಡ್ಡಿಯನ್ನು ಕರಗಿಸಿ ತುಂಬುವ ಬೆಸುಗೆ ಜರ್ಮನಿಯಲ್ಲಿ ಪಿವಿಸಿಗಾಗಿ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ತೊಟ್ಟಿ, ಹಾಳೆಗಳ ಕೆಲಸಕ್ಕೆ ಅದು ಇಂದಿಗೂ ಒಳ್ಳೆಯದೇ. ಆದರೆ ಒತ್ತಡದ ನೀರು ಹರಿಯುವ ಪೈಪಿನಲ್ಲಿ ಗೋಡೆಯ ಪೂರ್ತಿ ದಪ್ಪವೂ ಒಂದಾಗಬೇಕು, ಬಿಸಿ ಗಾಳಿಯ ಬೆಸುಗೆಯಲ್ಲಿ ಅದು ಆಗುವುದಿಲ್ಲ. ಹೀಗಾಗಿ ಎರಡು ತುದಿಗಳ ನಡುವೆ ಕಾದ ಲೋಹದ ತಟ್ಟೆಯನ್ನಿಟ್ಟು, ಕರಗಿದ ಮೇಲೆ ತಟ್ಟೆ ತೆಗೆದು ಒತ್ತಿ ಹಿಡಿಯುವ ವಿಧಾನ ನೆಲೆಗೊಂಡಿತು.

ಕೇಳಲು ಇದು ಬಹಳ ಸರಳ. ಹೊಲಗಳಲ್ಲಿ ಈಗಲೂ ಹಿಡಿಕೆಯಿರುವ ಹೀಟರ್ ಪ್ಲೇಟನ್ನು ಒಬ್ಬರು ಹಿಡಿದುಕೊಂಡು, ಇಬ್ಬರು ಎರಡು ಕಡೆಯಿಂದ ಪೈಪನ್ನು ತಳ್ಳುತ್ತಾ ಜಾಯಿಂಟ್ ಮಾಡುವುದನ್ನು ನೋಡಬಹುದು. ನಮ್ಮ ಕೆಲಸಗಾರರು ಆ ಪ್ಲೇಟನ್ನು ಮಿರರ್ ಎಂದೇ ಕರೆಯುತ್ತಾರೆ. ಹಾಗೆ ಮಾಡಿದ ಜಾಯಿಂಟುಗಳಲ್ಲಿ ಕೆಲವು ಇಪ್ಪತ್ತು ವರ್ಷ ಬಾಳುತ್ತವೆ, ಕೆಲವು ಮೊದಲ ಸಲ ಪಂಪ್ ಹಾಕಿದಾಗಲೇ ಬಿಡುತ್ತವೆ. ಎರಡನ್ನೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಸುಲಭವಾಗಿ ಕಾಣದು. ಕಳೆದ ಆರು ದಶಕಗಳಲ್ಲಿ ಈ ತಂತ್ರಜ್ಞಾನದಲ್ಲಿ ಆದ ಬೆಳವಣಿಗೆಯೆಲ್ಲವೂ ಈ ಅನಿಶ್ಚಿತತೆಯನ್ನು ಕಳೆಯಲು ಆದದ್ದು. ಕೈಯ ಬಲದ ಬದಲು ಹೈಡ್ರಾಲಿಕ್ ಸಿಲಿಂಡರ್, ಬೆಂಕಿಯ ಬದಲು ಥರ್ಮೋಸ್ಟಾಟ್ ಇರುವ ಹೀಟರ್, ಅಂದಾಜಿನ ಬದಲು ಗಡಿಯಾರ, ನೆನಪಿನ ಬದಲು ಅಂಕಿಗಳನ್ನು ತಾನೇ ದಾಖಲಿಸುವ ಡೇಟಾ ಲಾಗರ್ ಬಂದವು. ಜರ್ಮನಿಯ ಬೆಸುಗೆ ಸಂಘದ ಡಿವಿಎಸ್ 2207, ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 21307, ನಮ್ಮ ಭಾರತೀಯ ಮಾನಕ ಬ್ಯೂರೋದ ಐಎಸ್ 7634 ಇವೆಲ್ಲ ಈ ಅನುಭವದಿಂದ ಬರೆದ ನಿಯಮಗಳು. ಕೆಳಗೆ ನಾನು ಕೊಡುವ ಸಂಖ್ಯೆಗಳು ಡಿವಿಎಸ್ ಪದ್ಧತಿಯವು. ಪೈಪಿನ ತಯಾರಕರು ತಮ್ಮದೇ ಕೋಷ್ಟಕ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು, ಎರಡು ಪದ್ಧತಿಗಳ ಸಂಖ್ಯೆಗಳನ್ನು ಒಂದೇ ಜಾಯಿಂಟಿನಲ್ಲಿ ಬೆರೆಸಬಾರದು.

ಮೊದಲು ಪೈಪನ್ನು ಓದಿ, ನಂತರ ಲೆಕ್ಕ ಹಾಕಿ

ಯಂತ್ರವನ್ನು ಹೊರತೆಗೆಯುವ ಮೊದಲು ಪೈಪಿನ ಮೇಲೆ ಅಚ್ಚಾಗಿರುವ ಸಾಲನ್ನು ಓದಬೇಕು. ಅದರಲ್ಲಿ ವಸ್ತುವಿನ ದರ್ಜೆ, ಹೊರವ್ಯಾಸ ಮತ್ತು ಒತ್ತಡದ ದರ್ಜೆ ಇರುತ್ತವೆ. ಪಿಇ ಎಂಬುದು ಪಾಲಿಎಥಿಲೀನಿನ ಕಿರುರೂಪ. ಪಿಇ 100 ಎಂದರೆ 20 ಡಿಗ್ರಿ ಉಷ್ಣತೆಯಲ್ಲಿ 50 ವರ್ಷಗಳ ಕಾಲ 10 ಮೆಗಾಪ್ಯಾಸ್ಕಲ್ ಒತ್ತಡವನ್ನು ಗೋಡೆಯಲ್ಲಿ ತಾಳಿಕೊಳ್ಳುವ ವಸ್ತು, ಪಿಇ 80 ಎಂದರೆ 8 ಮೆಗಾಪ್ಯಾಸ್ಕಲ್. ಎಸ್‌ಡಿಆರ್ ಎಂಬುದು ಹೊರವ್ಯಾಸವನ್ನು ಗೋಡೆಯ ದಪ್ಪದಿಂದ ಭಾಗಿಸಿದಾಗ ಬರುವ ಸಂಖ್ಯೆ. 110 ಮಿ.ಮೀ. ವ್ಯಾಸದ ಎಸ್‌ಡಿಆರ್ 11 ಪೈಪಿನ ಗೋಡೆ 10 ಮಿ.ಮೀ. ಇರುತ್ತದೆ. ಬೇರೆ ಬೇರೆ ಎಸ್‌ಡಿಆರ್‌ನ ಎರಡು ಪೈಪುಗಳನ್ನು ತುದಿಬೆಸುಗೆಯಿಂದ ಸೇರಿಸಬಾರದು, ಏಕೆಂದರೆ ದಪ್ಪ ಗೋಡೆಯ ಅಂಚು ತೆಳು ಗೋಡೆಯ ಮೇಲೆ ಮೆಟ್ಟಿಲಿನಂತೆ ನಿಂತು, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಅಂಥ ಕಡೆ ಎಲೆಕ್ಟ್ರೋಫ್ಯೂಷನ್ ಕಪ್ಲರ್ (ವಿದ್ಯುತ್ತಿನಿಂದ ಕಾದು ಎರಡು ಪೈಪುಗಳನ್ನು ಹೊರಗಿನಿಂದ ಬೆಸೆಯುವ ಫಿಟ್ಟಿಂಗ್) ಬಳಸಬೇಕು, ಅದರ ವಿವರ ಮುಂದಿದೆ.

ಬೆಸುಗೆಗಾಗಿ ತುದಿಗಳನ್ನು ಒತ್ತಬೇಕಾದ ಒತ್ತಡದ ಲೆಕ್ಕವನ್ನು ಬಹಳ ಮಂದಿ ಯಂತ್ರದ ಜೊತೆ ಬಂದ ಕೋಷ್ಟಕಕ್ಕೆ ಬಿಟ್ಟುಬಿಡುತ್ತಾರೆ. ಒಮ್ಮೆಯಾದರೂ ಕಾಗದದ ಮೇಲೆ ಸ್ವತಃ ಮಾಡಿ ನೋಡುವುದು ಒಳ್ಳೆಯದು. ಮೇಲಿನ 110 ಮಿ.ಮೀ. ಪೈಪಿನ ತುದಿಯ ಉಂಗುರದ ವಿಸ್ತೀರ್ಣವು ವ್ಯಾಸದಿಂದ ದಪ್ಪವನ್ನು ಕಳೆದು, ದಪ್ಪದಿಂದ ಮತ್ತು 3.14ರಿಂದ ಗುಣಿಸಿದರೆ ಸಿಗುತ್ತದೆ, ಅಂದರೆ ಸುಮಾರು 3,140 ಚದರ ಮಿ.ಮೀ. ಪ್ರತಿ ಚದರ ಮಿ.ಮೀ.ಗೆ 0.15 ನ್ಯೂಟನ್ ಒತ್ತಡ ಬೇಕು. ಗುಣಿಸಿದರೆ 471 ನ್ಯೂಟನ್, ಎಂದರೆ ಸುಮಾರು 48 ಕಿಲೋ ತೂಕ ಒತ್ತಿದಷ್ಟು ಬಲ. ಇದನ್ನು ಇಬ್ಬರು ಕೈಯಿಂದ ಕೊಡಬಹುದೇನೋ, ಆದರೆ ಒಂದೇ ಸಮನಾಗಿ ಹದಿನೈದು ನಿಮಿಷ ಹಿಡಿದಿಡುವುದು ಸಾಧ್ಯವಿಲ್ಲ. 315 ಮಿ.ಮೀ. ವ್ಯಾಸದ ಅದೇ ಎಸ್‌ಡಿಆರ್‌ನ ಪೈಪಿಗೆ ಸುಮಾರು 3,860 ನ್ಯೂಟನ್, ಅಂದರೆ 390 ಕಿಲೋ ದಾಟುತ್ತದೆ. ಹೈಡ್ರಾಲಿಕ್ ಯಂತ್ರ ಯಾಕೆ ಬಂದಿತು ಎಂಬುದಕ್ಕೆ ಈ ಎರಡು ಸಂಖ್ಯೆಗಳೇ ಉತ್ತರ. ಯಂತ್ರದ ಗೇಜಿನಲ್ಲಿ ಎಷ್ಟು ತೋರಿಸಬೇಕೆಂಬುದು ಸಿಲಿಂಡರಿನ ಒಟ್ಟು ವಿಸ್ತೀರ್ಣದ ಮೇಲೆ ನಿಂತಿದೆ. ಅದು 600 ಚದರ ಮಿ.ಮೀ. ಇದ್ದರೆ 471 ನ್ಯೂಟನ್ ಬಲಕ್ಕೆ ಗೇಜಿನಲ್ಲಿ ಸುಮಾರು 8 ಬಾರ್ ಬೇಕಾಗುತ್ತದೆ.

ಈ 8 ಬಾರ್‌ಗೆ ಇನ್ನೊಂದನ್ನು ಸೇರಿಸಬೇಕು, ಮತ್ತು ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದಲೇ ಆದವು. ಪೈಪನ್ನು ನೆಲದ ಮೇಲೆ ಎಳೆಯುವುದಕ್ಕೇ ಯಂತ್ರ ಒಂದಿಷ್ಟು ಬಲವನ್ನು ಖರ್ಚು ಮಾಡುತ್ತದೆ. ಇದನ್ನು ಡ್ರ್ಯಾಗ್ ಒತ್ತಡ ಎನ್ನುತ್ತಾರೆ. ಪೈಪು ಕ್ಲ್ಯಾಂಪಿನಲ್ಲಿರುವಾಗ ಒತ್ತಡವನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತಾ ಹೋದರೆ, ಒಂದು ಹಂತದಲ್ಲಿ ಪೈಪು ಅಲುಗಾಡಿ ಮುಂದೆ ಸರಿಯಲು ತೊಡಗುತ್ತದೆ. ಆಗ ಗೇಜಿನಲ್ಲಿರುವ ಸಂಖ್ಯೆಯೇ ಡ್ರ್ಯಾಗ್. ಅದು 5 ಬಾರ್ ಇದ್ದರೆ ಬೆಸುಗೆಗೆ 13 ಬಾರ್ ಇಡಬೇಕು. ಪ್ರತಿ ಜಾಯಿಂಟಿಗೂ ಇದನ್ನು ಹೊಸದಾಗಿ ಅಳೆಯಬೇಕು, ಏಕೆಂದರೆ ಮೊದಲ ಜಾಯಿಂಟಿನಲ್ಲಿ ಎಳೆದದ್ದು 6 ಮೀಟರ್ ಪೈಪಾದರೆ ಹತ್ತನೆಯದರಲ್ಲಿ ಅದರ ಹಲವು ಪಟ್ಟು ಉದ್ದವಿರಬಹುದು, ಅಥವಾ ದಾರಿ ಏರು ಹತ್ತಿರಬಹುದು. ಪೈಪಿನ ಕೆಳಗೆ ರೋಲರ್ ಇಟ್ಟರೆ ಡ್ರ್ಯಾಗ್ ಗಣನೀಯವಾಗಿ ತಗ್ಗುತ್ತದೆ. ರೋಲರ್ ಇಲ್ಲದ ಕಡೆ ನಯವಾದ ತುಂಡು ಪೈಪುಗಳನ್ನು ಅಡ್ಡಡ್ಡ ಹಾಸಿ ಅವುಗಳ ಮೇಲೆ ಸರಿಸಬಹುದು.

ಹೆರೆಯುವುದು ಮತ್ತು ಒರೆಸುವುದು

ಎರಡು ಪೈಪುಗಳನ್ನೂ ಕ್ಲ್ಯಾಂಪಿನಲ್ಲಿ ಬಿಗಿದ ಮೇಲೆ ನಡುವೆ ಫೇಸರ್ (ಎರಡೂ ಕಡೆ ಅಲಗಿರುವ, ಹೆರೆಯುವ ಉಪಕರಣ) ಇಟ್ಟು ತುದಿಗಳನ್ನು ಹೆರೆಯಬೇಕು. ಮೊದಮೊದಲು ಬರುವುದು ತುಂಡು ತುಂಡಾದ ಚೂರು, ಏಕೆಂದರೆ ಗರಗಸದಲ್ಲಿ ಕತ್ತರಿಸಿದ ತುದಿ ಎಲ್ಲೋ ಒಂದು ಕಡೆ ಮಾತ್ರ ಅಲಗಿಗೆ ತಾಗುತ್ತಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬಡಗಿಯ ಕೀಸುಳಿಯಿಂದ ಬರುವಂತೆ ಉದ್ದನೆಯ, ಮುರಿಯದ ಕಪ್ಪು ಸುರುಳಿ ಎರಡೂ ಕಡೆಯಿಂದ ಬರತೊಡಗುತ್ತದೆ. ಆ ಸುರುಳಿ ಪೈಪಿನ ಸುತ್ತಳತೆಗಿಂತ ಉದ್ದವಾಗಿ ಎಡೆಬಿಡದೆ ಬಂದ ಮೇಲೆಯೇ ಒತ್ತಡ ಇಳಿಸಿ ಫೇಸರನ್ನು ನಿಲ್ಲಿಸಬೇಕು. ಚೂರುಗಳನ್ನು ಬೆರಳಿನಿಂದ ತೆಗೆಯದೆ, ತುದಿಗಳನ್ನು ಮುಟ್ಟದೆ, ಕೊಕ್ಕೆಯಿಂದಲೋ ಶುಭ್ರವಾದ ಬ್ರಷ್ಷಿನಿಂದಲೋ ತೆಗೆಯಬೇಕು.

ಈಗ ತುದಿಗಳನ್ನು ಪರಸ್ಪರ ತಾಗಿಸಿ ನೋಡಬೇಕು. 355 ಮಿ.ಮೀ.ವರೆಗಿನ ಪೈಪಿನಲ್ಲಿ ನಡುವಿನ ಸಂದು ಎಲ್ಲಿಯೂ 0.5 ಮಿ.ಮೀ. ಮೀರಬಾರದು. ಹೊರಮೈಗಳ ಏರುಪೇರು ಗೋಡೆಯ ದಪ್ಪದ ಹತ್ತರಲ್ಲೊಂದು ಭಾಗವನ್ನು ಮೀರಬಾರದು, ಅಂದರೆ ನಮ್ಮ ಉದಾಹರಣೆಯ ಪೈಪಿನಲ್ಲಿ 1 ಮಿ.ಮೀ.ಯನ್ನು. ಅದಕ್ಕಿಂತ ಹೆಚ್ಚಿದ್ದರೆ ಪೈಪನ್ನು ಸ್ವಲ್ಪ ತಿರುಗಿಸಿ ಮತ್ತೆ ಬಿಗಿದು ಮತ್ತೆ ಹೆರೆಯಬೇಕು. ಕೊನೆಯದಾಗಿ ನೂಲು ಬಿಡದ ಬಟ್ಟೆಯಿಂದಾಗಲಿ ಕಾಗದದಿಂದಾಗಲಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತುದಿಗಳನ್ನೂ ಹೀಟರ್ ಪ್ಲೇಟಿನ ಎರಡೂ ಮುಖಗಳನ್ನೂ ಒರೆಸಬೇಕು. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಯಾವುದನ್ನೂ ಬಳಸಬಾರದು, ಅವು ಜಿಡ್ಡಿನ ಪದರವನ್ನು ಬಿಟ್ಟುಹೋಗುತ್ತವೆ. ಪ್ಲೇಟಿನ ಮೇಲಿನ ಟೆಫ್ಲಾನ್ ಲೇಪಕ್ಕೆ ಗೀರು ಬೀಳದಂತೆ, ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಮರದ ಚಪ್ಪಟೆ ಕಡ್ಡಿಯಿಂದ ಮಾತ್ರ ತೆಗೆಯಬೇಕು.

ಬಯಲುಸೀಮೆಯಲ್ಲಿ ಗಾಳಿ ಮತ್ತು ಧೂಳು, ಮಲೆನಾಡು ಹಾಗೂ ಕರಾವಳಿಯಲ್ಲಿ ತುಂತುರು ಮಳೆ, ಇವು ಬೆಸುಗೆಯ ದೊಡ್ಡ ಶತ್ರುಗಳು. ಯಂತ್ರದ ಮೇಲೆ ಟಾರ್ಪಾಲು ಕಟ್ಟಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಪೈಪಿನ ದೂರದ ತುದಿಯನ್ನು ಮುಚ್ಚುವುದನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ನೂರು ಮೀಟರ್ ಆಚೆಯ ಬಾಯಿಂದ ನುಗ್ಗಿದ ಗಾಳಿ ಪೈಪಿನೊಳಗೇ ಹರಿದು ಬಂದು ಪ್ಲೇಟನ್ನೂ ಕರಗಿದ ತುದಿಯನ್ನೂ ಒಳಗಿನಿಂದ ತಣಿಸುತ್ತದೆ. ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದರೂ ಸಾಕು.

ಕಾಯಿಸುವುದು

ಪಾಲಿಎಥಿಲೀನ್ ಸುಮಾರು 130 ಡಿಗ್ರಿಯಲ್ಲಿ ಕರಗುತ್ತದೆ, ಆದರೆ ಪ್ಲೇಟಿನ ಉಷ್ಣತೆಯನ್ನು 200ರಿಂದ 220 ಡಿಗ್ರಿಯ ನಡುವೆ ಇಡುತ್ತೇವೆ. ಪಿಇ 100 ಪೈಪಿಗೆ 220 ಡಿಗ್ರಿ. ಕರಗಿದ ಮಾತ್ರಕ್ಕೆ ಬೆಸುಗೆಯಾಗುವುದಿಲ್ಲ. ಈ ವಸ್ತುವಿನ ಅಣುಗಳು ಬಹಳ ಉದ್ದನೆಯ ದಾರಗಳಂತಿದ್ದು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಇಂಥ ದಾರವೊಂದು ಉಳಿದವುಗಳ ನಡುವೆ ಹಾವಿನಂತೆ ತನ್ನ ಉದ್ದಕ್ಕೇ ಸರಿಯುತ್ತಾ ಚಲಿಸುತ್ತದೆ ಎಂದು ಫ್ರಾನ್ಸಿನ ಭೌತವಿಜ್ಞಾನಿ ಪಿಯೆರ್ ಜಿಲ್ ದ ಜೆನ್ 1971ರಲ್ಲಿ ವಿವರಿಸಿದರು. ಈ ಕಡೆಯ ದಾರಗಳು ಗಡಿ ದಾಟಿ ಆ ಕಡೆಯವುಗಳೊಡನೆ ಹೆಣೆದುಕೊಂಡಾಗ ಮಾತ್ರ ಜಾಯಿಂಟು ಪೈಪಿನಷ್ಟೇ ಗಟ್ಟಿಯಾಗುತ್ತದೆ. ಅದಕ್ಕೆ ಸಾಕಷ್ಟು ಆಳದವರೆಗೆ ಕರಗಿದ ವಸ್ತು, ಸಾಕಷ್ಟು ಶಾಖ, ಸಾಕಷ್ಟು ಸಮಯ ಮೂರೂ ಬೇಕು.

ಹೀಟರನ್ನು ಆನ್ ಮಾಡಿ ಉಷ್ಣತೆ ತಲುಪಿದ ಮೇಲೂ ಹತ್ತು ನಿಮಿಷ ಕಾಯಬೇಕು, ಶಾಖ ತಟ್ಟೆಯಲ್ಲೆಲ್ಲ ಸಮನಾಗಲಿ. ಡಿಸ್‌ಪ್ಲೇ ತೋರಿಸುವ ಸಂಖ್ಯೆಯನ್ನೇ ನಂಬದೆ, ಮುಟ್ಟಿಸಿ ಅಳೆಯುವ ಥರ್ಮಾಮೀಟರಿನಿಂದ ಎರಡೂ ಮುಖಗಳಲ್ಲಿ ನಾಲ್ಕಾರು ಕಡೆ ನೋಡಬೇಕು.

ಪ್ಲೇಟನ್ನು ನಡುವೆ ಇಟ್ಟು, ಲೆಕ್ಕ ಹಾಕಿದ ಪೂರ್ಣ ಒತ್ತಡದಲ್ಲಿ ತುದಿಗಳನ್ನು ಅದಕ್ಕೆ ಒತ್ತಿದಾಗ, ಅಂಚಿನಲ್ಲಿ ಮೊದಲು ಹೊಳಪು ಕಾಣುತ್ತದೆ, ನಂತರ ಸಣ್ಣ ತುಟಿಯಂಥ ಉಬ್ಬು ಹೊರಬರುತ್ತದೆ. ಇದೇ ಬೀಡ್. ಮೇಣದಬತ್ತಿ ಆರಿಸಿದಾಗ ಬರುವಂಥ ತೆಳು ವಾಸನೆಯೂ ಇರುತ್ತದೆ. 7ರಿಂದ 12 ಮಿ.ಮೀ. ಗೋಡೆಗೆ ಬೀಡ್ ಸುತ್ತಲೂ 1.5 ಮಿ.ಮೀ. ಎತ್ತರವಾಗಬೇಕು. ಪೈಪಿನ ತಲೆಯ ಮೇಲೆ ಆಯಿತೆಂದು ನಿಲ್ಲಿಸಬಾರದು, ಬಗ್ಗಿ ಕೆಳಭಾಗವನ್ನೂ ನೋಡಬೇಕು.

ಬೀಡ್ ಬಂದ ಕ್ಷಣವೇ ಒತ್ತಡವನ್ನು ಬಹುತೇಕ ಸೊನ್ನೆಗೆ ಇಳಿಸಬೇಕು. ತುದಿ ಪ್ಲೇಟಿಗೆ ತಾಗಿಕೊಂಡಿದ್ದರೆ ಸಾಕು. ಈಗ ಆರಂಭವಾಗುವುದು ಶಾಖ ಹೀರುವ ಕಾಲ, ಗೋಡೆಯ ಪ್ರತಿ ಮಿ.ಮೀ.ಗೆ 10 ಸೆಕೆಂಡಿನಂತೆ, ನಮ್ಮ ಪೈಪಿಗೆ 100 ಸೆಕೆಂಡು. ಹೊಸಬರು ತಪ್ಪುವುದು ಇಲ್ಲಿಯೇ. ಒತ್ತಡ ಇಳಿಸದೆ ಬಿಟ್ಟರೆ ಕರಗಿದ ವಸ್ತುವೆಲ್ಲ ಹೊರಗೆ ಹಿಂಡಿಹೋಗಿ ಬೀಡ್ ದಪ್ಪವಾಗಿ ಚೆಂದ ಕಾಣುತ್ತದೆ, ಆದರೆ ಗಡಿಯಲ್ಲಿ ಉಳಿಯುವುದು ಅರೆಬೆಂದ ತೆಳು ಪದರ. ಇದನ್ನೇ ಕೋಲ್ಡ್ ಜಾಯಿಂಟ್ ಎನ್ನುವುದು. ದೊಡ್ಡ ಬೀಡ್ ಎಂದರೆ ಗಟ್ಟಿ ಜಾಯಿಂಟ್ ಎಂಬ ನಂಬಿಕೆ ಕೆಲಸಗಾರರಲ್ಲಿ ಬೇರೂರಿದೆ, ಅದನ್ನು ತಿದ್ದುವುದು ಮೇಲ್ವಿಚಾರಕರ ಮೊದಲ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಸಮಯ ಮುಗಿದೊಡನೆ ತುದಿಗಳನ್ನು ಹಿಂದೆ ಸರಿಸಿ, ಕರಗಿದ ಮೈಗೆ ತಾಗದಂತೆ ಪ್ಲೇಟನ್ನು ಎತ್ತಿ, ಮತ್ತೆ ತುದಿಗಳನ್ನು ಕೂಡಿಸಬೇಕು. ಈ ಇಡೀ ಬದಲಾವಣೆಗೆ 10 ಮಿ.ಮೀ. ಗೋಡೆಯ ಪೈಪಿನಲ್ಲಿ 6ರಿಂದ 8 ಸೆಕೆಂಡು ಮಾತ್ರ ಅವಕಾಶವಿದೆ. ಕರಗಿದ ಮೈ ಗಾಳಿಗೆ ತೆರೆದ ಪ್ರತಿ ಸೆಕೆಂಡೂ ಅದರ ಮೇಲೆ ತಣ್ಣನೆಯ ಪೊರೆ ಕಟ್ಟುತ್ತದೆ. ಆದ್ದರಿಂದ ಪ್ಲೇಟನ್ನು ಯಾರು ಎತ್ತುತ್ತಾರೆ, ಎಲ್ಲಿಡುತ್ತಾರೆ, ಲಿವರ್ ಯಾರ ಕೈಯಲ್ಲಿದೆ ಎಂಬುದನ್ನು ಮೊದಲೇ ತೀರ್ಮಾನಿಸಿ, ತಣ್ಣನೆಯ ಪ್ಲೇಟಿನಲ್ಲಿ ಒಂದೆರಡು ಸಲ ಅಭ್ಯಾಸ ಮಾಡಿಕೊಳ್ಳಬೇಕು. ತುದಿಗಳು ಹೊಡೆದುಕೊಳ್ಳದಂತೆ ಮೆಲ್ಲಗೆ ತಾಗಿಸಿ, ನಂತರ 6ರಿಂದ 8 ಸೆಕೆಂಡಿನಲ್ಲಿ ಒತ್ತಡವನ್ನು ಒಂದೇ ಸಮನಾಗಿ ಪೂರ್ಣ ಮಟ್ಟಕ್ಕೆ ಏರಿಸಬೇಕು.

ತಣಿಯಲು ಬಿಡುವುದು

10 ಮಿ.ಮೀ. ಗೋಡೆಯ ಪೈಪು ಅದೇ ಒತ್ತಡದಲ್ಲಿ, ಕ್ಲ್ಯಾಂಪಿನೊಳಗೆ, 13ರಿಂದ 14 ನಿಮಿಷ ಅಲುಗಾಡದೆ ಇರಬೇಕು. 26ರಿಂದ 37 ಮಿ.ಮೀ. ಗೋಡೆಗೆ ಇದು 32ರಿಂದ 45 ನಿಮಿಷ. ಕೈಗೆ ಕೆಲಸವಿಲ್ಲದ ಈ ಅವಧಿಯನ್ನು ಕಡಿತಗೊಳಿಸುವ ಆಸೆ ಎಲ್ಲರಿಗೂ ಬರುತ್ತದೆ.

ಆರಂಭದ ವರ್ಷಗಳಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ಹಳ್ಳಿಯ ಪೈಪ್‌ಲೈನಿನಲ್ಲಿ, ಸಂಜೆಯೊಳಗೆ ಮುಗಿಸುವ ಅವಸರಕ್ಕೆ ಜಾಯಿಂಟಿನ ಮೇಲೆ ಒದ್ದೆ ಗೋಣಿಚೀಲ ಸುತ್ತಲು ನಾನೇ ಒಪ್ಪಿಗೆ ಕೊಟ್ಟಿದ್ದೆ. ಬೀಡ್ ನೋಡಲು ಯಾವ ಕೊರತೆಯೂ ಇರಲಿಲ್ಲ. ಮೂರು ದಿನದ ನಂತರ ಒತ್ತಡ ಪರೀಕ್ಷೆಯಲ್ಲಿ ಎರಡು ಜಾಯಿಂಟುಗಳು ಬಿಟ್ಟವು. ಕತ್ತರಿಸಿ ತೆಗೆದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದಾಗ, ಒಡೆದ ಮುಖ ಗಾಜಿನಂತೆ ನುಣುಪಾಗಿ ಹೊಳೆಯುತ್ತಿತ್ತು. ಒಂದೇ ಒಂದು ಎಳೆಯೂ ಹರಿದ ಗುರುತು ಇರಲಿಲ್ಲ. ಸರಿಯಾದ ಜಾಯಿಂಟನ್ನು ಬಲವಂತವಾಗಿ ಮುರಿದರೆ ಆ ಜಾಗ ಎಳೆದು ಬಿಳಿಚಿಕೊಂಡು, ನಾರು ನಾರಾಗಿ ಹರಿಯುತ್ತದೆ. ಹೊರಗಿನಿಂದ ತಣಿಸಿದಾಗ ಹೊರಪದರ ಮೊದಲೇ ಗಟ್ಟಿಯಾಗಿ, ಒಳಗಿನ ವಸ್ತು ಕುಗ್ಗುವಾಗ ಗಡಿಯನ್ನು ಎರಡು ಕಡೆಗೂ ಎಳೆಯುತ್ತದೆ. ಅಂದಿನಿಂದ ನೀರು, ಒದ್ದೆ ಬಟ್ಟೆ, ಫ್ಯಾನು ಯಾವುದನ್ನೂ ಜಾಯಿಂಟಿನ ಹತ್ತಿರ ಬರಗೊಡುವುದಿಲ್ಲ.

ತಣಿದ ಮೇಲೆ ಬೀಡನ್ನು ಪರೀಕ್ಷಿಸಬೇಕು. ಎರಡು ಉಬ್ಬುಗಳೂ ದುಂಡಗೆ ಹಿಂದಕ್ಕೆ ಮಡಚಿಕೊಂಡು ಸುತ್ತಲೂ ಸಮನಾಗಿರಬೇಕು, ಅವುಗಳ ನಡುವಿನ ಕಣಿವೆ ಪೈಪಿನ ಮೇಲ್ಮೈಗಿಂತ ಕೆಳಗೆ ಇಳಿಯಬಾರದು. ಸಾಧ್ಯವಿದ್ದ ಕಡೆ ಹೊರಬೀಡನ್ನು ವಿಶೇಷ ಉಪಕರಣದಿಂದ ಇಡಿಯಾಗಿ ಕತ್ತರಿಸಿ, ಅದನ್ನು ಹಿಂದಕ್ಕೆ ಬಾಗಿಸಿ ತಿರುಚಿ ನೋಡಬಹುದು. ಎಲ್ಲಿಯಾದರೂ ಎರಡಾಗಿ ಸೀಳಿದರೆ ಗಡಿಯಲ್ಲಿ ಧೂಳೋ ಜಿಡ್ಡೋ ಸೇರಿದೆ ಎಂದರ್ಥ, ಆ ಜಾಯಿಂಟನ್ನು ಕತ್ತರಿಸಿ ಮತ್ತೆ ಮಾಡಬೇಕು. ದಿನದ ಮೊದಲ ಜಾಯಿಂಟನ್ನು ಪ್ರಯೋಗಕ್ಕೆಂದೇ ಮಾಡಿ, ಪೂರ್ತಿ ತಣಿದ ನಂತರ ಅದರಿಂದ ಗೋಡೆಯ ಒಂದೂವರೆ ಪಟ್ಟು ಅಗಲದ, ಕನಿಷ್ಠ 25 ಮಿ.ಮೀ. ಅಗಲದ ಪಟ್ಟಿಗಳನ್ನು ಉದ್ದಕ್ಕೆ ಕತ್ತರಿಸಿ, ತುದಿಗಳು ಒಂದನ್ನೊಂದು ಮುಟ್ಟುವವರೆಗೆ ಬಗ್ಗಿಸುವುದು ಒಳ್ಳೆಯ ಪದ್ಧತಿ. ಬಿರುಕು ಕಾಣಬಾರದು.

ಎಲೆಕ್ಟ್ರೋಫ್ಯೂಷನ್

ತೋಡಿದ ಗುಂಡಿಯೊಳಗೆ ಯಂತ್ರ ಇಳಿಸಲು ಜಾಗವಿಲ್ಲದಾಗ, ಪೈಪನ್ನು ಸರಿಸಲು ಬಾರದಾಗ, ತುದಿಬೆಸುಗೆ ಸಾಧ್ಯವಿಲ್ಲ. ಎಲೆಕ್ಟ್ರೋಫ್ಯೂಷನ್ ಬೆಳೆದದ್ದು ಈ ಅಗತ್ಯಕ್ಕೆ. ಕಪ್ಲರಿನ ಒಳಗೋಡೆಯಲ್ಲಿಯೇ ತಂತಿಯ ಸುರುಳಿಯನ್ನು ಹುದುಗಿಸಿರುತ್ತಾರೆ. ಸಾಮಾನ್ಯವಾಗಿ 40 ವೋಲ್ಟಿನ ಆಸುಪಾಸಿನ ವಿದ್ಯುತ್ತು ಹರಿದಾಗ ಅದು ಕಾದು ಕಪ್ಲರಿನ ಒಳಮೈಯನ್ನೂ ಪೈಪಿನ ಹೊರಮೈಯನ್ನೂ ಕರಗಿಸುತ್ತದೆ. ಕಪ್ಲರಿನ ಮೇಲಿನ ಬಾರ್‌ಕೋಡನ್ನು ಯಂತ್ರವೇ ಓದಿ ಸಮಯವನ್ನು ನಿರ್ಧರಿಸುತ್ತದೆ.

ಯಂತ್ರ ಎಲ್ಲವನ್ನೂ ಮಾಡುತ್ತದೆಂಬ ಭರವಸೆಯೇ ಇಲ್ಲಿನ ಅಪಾಯ. ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನ ಹೊರಮೈ ಆಕ್ಸಿಡೀಕರಣಗೊಂಡಿರುತ್ತದೆ, ಆ ಪದರ ಬೆಸೆಯುವುದಿಲ್ಲ. ಕಪ್ಲರ್ ಕೂರುವ ಉದ್ದಕ್ಕೂ ಬಿಳಿ ಮಾರ್ಕರಿನಿಂದ ಅಡ್ಡಾದಿಡ್ಡಿ ಗೆರೆ ಎಳೆದು, ಸ್ಕ್ರೇಪರಿನಿಂದ ಸುಮಾರು 0.2 ಮಿ.ಮೀ. ಆಳಕ್ಕೆ ಆ ಗೆರೆಗಳೆಲ್ಲ ಮಾಯವಾಗುವಂತೆ ಹೆರೆಯಬೇಕು. ಸ್ಯಾಂಡ್‌ಪೇಪರ್ ಬಳಸಬಾರದು, ಅದು ಪದರವನ್ನು ತೆಗೆಯುವ ಬದಲು ಕೊಳೆಯನ್ನು ಮೈಗೆ ಉಜ್ಜಿ ಸೇರಿಸುತ್ತದೆ. ಪೈಪು ಎಷ್ಟು ಒಳಗೆ ಹೋಗಬೇಕೆಂದು ಗುರುತು ಮಾಡಿ, ಕ್ಲ್ಯಾಂಪ್ ಹಾಕಿ, ತಣಿಯುವವರೆಗೆ ಅದನ್ನು ಬಿಚ್ಚಬಾರದು.

ಮನೆಯೊಳಗಿನ ಪಿಪಿಆರ್ ಪೈಪು ಬೇರೆ ವಸ್ತು, ಅದು ಪಾಲಿಪ್ರೊಪಿಲೀನ್. ಅದನ್ನು 260 ಡಿಗ್ರಿಯ ಸಾಕೆಟ್ ಹೀಟರಿನಲ್ಲಿ, 20 ಮಿ.ಮೀ.ಗೆ 5 ಸೆಕೆಂಡು, 25ಕ್ಕೆ 7, 32ಕ್ಕೆ 8 ಸೆಕೆಂಡು ಕಾಯಿಸಿ, ತಿರುಚದೆ ನೇರವಾಗಿ ಫಿಟ್ಟಿಂಗಿನೊಳಗೆ ತಳ್ಳಬೇಕು. ಅದನ್ನು ಎಚ್‌ಡಿಪಿಇಗೆ ಬೆಸೆಯಲಾಗದು.

ಸುಟ್ಟಗಾಯದ ವಿಷಯದಲ್ಲಿ ಒಂದು ಮಾತು: ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿದರೆ ಅದನ್ನು ಕೀಳಬಾರದು. ಹರಿಯುವ ತಣ್ಣೀರಿನಲ್ಲಿ ಹಿಡಿದು, ಹಾಗೆಯೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಕೊನೆಯ ಜಾಯಿಂಟು ಮತ್ತು ನೀರಿನ ಪರೀಕ್ಷೆ

ಪಾಲಿಎಥಿಲೀನ್ ಒಂದು ಡಿಗ್ರಿ ಉಷ್ಣತೆಗೆ ಮೀಟರಿಗೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ. ನೂರು ಮೀಟರ್ ಕಪ್ಪು ಪೈಪು ಮಧ್ಯಾಹ್ನದ ಬಿಸಿಲಿಗಿಂತ ಬೆಳಗಿನ ಜಾವ 20 ಡಿಗ್ರಿ ತಣ್ಣಗಿದ್ದರೆ ಸುಮಾರು 400 ಮಿ.ಮೀ., ಒಂದು ಅಡಿಗಿಂತ ಹೆಚ್ಚು, ಕುಗ್ಗಿರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಈ ಅಂತರ ಇನ್ನೂ ದೊಡ್ಡದಾಗಬಹುದು. ಆದ್ದರಿಂದ ವಾಲ್ವಿಗೋ ಟ್ಯಾಂಕಿಗೋ ಸೇರಿಸುವ ಕೊನೆಯ ಜಾಯಿಂಟನ್ನು, ಪೈಪನ್ನು ಅದಕ್ಕಾಗಿ ತೋಡಿದ ಕಾಲುವೆಗೆ ಇಳಿಸಿ ನಡುನಡುವೆ ಮಣ್ಣು ಮುಚ್ಚಿ ತಣಿಯಗೊಟ್ಟು, ಬೆಳಗಿನ ಹೊತ್ತಿನಲ್ಲಿ ಮಾಡಬೇಕು.

ಪ್ರತಿ ಜಾಯಿಂಟಿಗೂ ಸಂಖ್ಯೆ ಕೊಟ್ಟು, ಅದರ ಪಕ್ಕದಲ್ಲೇ ಮಾರ್ಕರಿನಿಂದ ಪೈಪಿನ ಮೇಲೆ ಬರೆದು, ದಿನಾಂಕ, ಪ್ಲೇಟಿನ ಉಷ್ಣತೆ, ಡ್ರ್ಯಾಗ್, ಬೆಸುಗೆಯ ಒತ್ತಡ, ತಣಿಸಿದ ಸಮಯ ಮತ್ತು ಮಾಡಿದವರ ಹೆಸರನ್ನು ಪುಸ್ತಕದಲ್ಲಿ ದಾಖಲಿಸಬೇಕು. ಡೇಟಾ ಲಾಗರ್ ಇರುವ ಯಂತ್ರ ಇದನ್ನು ತಾನೇ ಮಾಡುತ್ತದೆ. ಇಲ್ಲದಿದ್ದರೆ ಇನ್ನೂರು ಪುಟದ ನೋಟ್‌ಬುಕ್ ಸಾಕು. ಮುಂದೊಂದು ದಿನ ಒಂದು ಜಾಯಿಂಟು ಸೋತರೆ, ಅದೇ ದಿನ ಅದೇ ಕೈಯಿಂದ ಆದ ಉಳಿದವು ಎಲ್ಲಿವೆ ಎಂದು ಹುಡುಕಲು ಈ ಪುಸ್ತಕವೊಂದೇ ಆಧಾರ.

ನೀರು ತುಂಬುವಾಗ ಎತ್ತರದ ಜಾಗಗಳಿಂದ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ಒತ್ತಡ ಏರಿಸಿ ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ನಿಧಾನವಾಗಿ ಇಳಿಯುವುದನ್ನು ಕಂಡು ಸೋರಿಕೆಯೆಂದು ಗಾಬರಿಯಾಗಬೇಕಿಲ್ಲ. ಪಾಲಿಎಥಿಲೀನ್ ಒತ್ತಡಕ್ಕೆ ಸಿಕ್ಕಾಗ ಕೆಲವು ಗಂಟೆಗಳ ಕಾಲ ಹಿಗ್ಗುತ್ತಲೇ ಇರುತ್ತದೆ. ಅದಕ್ಕಾಗಿ ಮೊದಲ ಅವಧಿಯಲ್ಲಿ ಆಗಾಗ ನೀರು ಸೇರಿಸಿ ಒತ್ತಡವನ್ನು ಸರಿದೂಗಿಸಿ, ನಂತರವೇ ನಿಜವಾದ ಪರೀಕ್ಷೆಯ ಅವಧಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಹೊತ್ತಿನಲ್ಲಿ ಯಾರನ್ನೂ ಕಾಲುವೆಯೊಳಗೆ ಇಳಿಯಗೊಡಬಾರದು. ಪೈಪಿನ ನಡುಭಾಗಕ್ಕೆ ಮಣ್ಣು ಮುಚ್ಚಿದ್ದರೂ, ಪರೀಕ್ಷೆ ಮುಗಿದು ಒತ್ತಡ ಇಳಿಯುವವರೆಗೆ ಜಾಯಿಂಟುಗಳನ್ನು ಮಾತ್ರ ತೆರೆದೇ ಬಿಟ್ಟಿರಬೇಕು.